ಹಸಿದ ಅರಿವೆ

ಮೈ ನೋಡದೆ ತಿಪ್ಪವ್ವ ಎಂದೂ ಅರಿವೆಗೆ ಸೂಜಿ ಹಾಕಿದವಳಲ್ಲ. ಕೌದಿ ಹೊಲಿಯುವವರಿಗೆ ಮೈ ಮೊದಲು, ಬಟ್ಟೆ ಆಮೇಲೆ. ಇದು ನಮ್ಮಜ್ಜಿ ಉಡುತ್ತಿದ್ದ ಸೀರೆ, ಇದು ಸತ್ತ ಮಾವನ ಧೋತರ, ಇದು ಕೂಸಿನ ಕುಲಾಯಿ ಎಂದು ಮನೆಯವರು ಹಳೆಯ ಗಂಟು ಬಿಚ್ಚಿ ಒಂದೊಂದನ್ನೇ ಎತ್ತಿ ಹೇಳಿಕೊಡುತ್ತಾರೆ. ಅವಳು ಅದನ್ನು ಮುಟ್ಟಿ, ಮೂಸಿ, ಹರಿದು, ಪದರಿನ ಮೇಲೆ ಪದರು ಹಾಸಿ ಹೊಲಿಯಲು ಕೂಡುತ್ತಾಳೆ. ಕೌದಿ ಮುಗಿಯುವ ಹೊತ್ತಿಗೆ ಆ ಮನೆಯ ಇದ್ದವರೂ ಸತ್ತವರೂ ಅವಳಿಗೆ ನೆಂಟರಾಗಿರುತ್ತಾರೆ. ಅವಳ ಊರು ಹಿರೇಹಂದಿಗೋಳದಲ್ಲಿ ಅವಳ ಕೈಯ ಕೌದಿ ಹೊದೆಯದೆ ಚಳಿಗಾಲ ಕಳೆದ ಮನೆ ಅಪರೂಪ.

ಈಗ ಅವಳ ಮುಂದಿನ ಮೇಜಿನ ಮೇಲೆ ಕೈಕಾಲು ಚಾಚಿ ಮಲಗಿದ್ದ ಅರಿವೆಗೆ ಯಾರ ವಾಸನೆಯೂ ಇರಲಿಲ್ಲ. ಬೆಳ್ಳಗೆ, ಬಲೆಯ ಹಾಗೆ ಕಣ್ಣುಕಣ್ಣಾಗಿ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಬಟ್ಟೆ. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದೇ ಅಂಗಿ, ಒಳಗೆ ತೆಳ್ಳನೆಯ ಅಸ್ತರು. ಅದರ ಕಣ್ಣುಗಳೊಳಗಿಂದ ಶಾವಿಗೆಯಂಥ ಸಣ್ಣ ರಬ್ಬರಿನ ನಳಿಗೆಗಳನ್ನು ಸುತ್ತಿ ಸುತ್ತಿ ಪೋಣಿಸಬೇಕಾಗಿತ್ತು. ಯಂತ್ರದ ಸೂಜಿ ತಾಗಿದರೆ ನಳಿಗೆ ತೂತಾಗುತ್ತದೆ, ಅದಕ್ಕೇ ಕೈಕೆಲಸ. ಇದನ್ನು ತೊಡುವವನು ಭೂಮಿ ಬಿಟ್ಟು ಮೇಲೆ ಹೋಗಿ, ಗಾಳಿಯೂ ಇಲ್ಲದಲ್ಲಿ ಬಾಗಿಲು ತೆಗೆದು ಹೊರಗೆ ಕಾಲಿಡುವವನು. ಅವನು ಯಾರು, ಎಲ್ಲಿಯವನು, ದಪ್ಪನೋ ತೆಳ್ಳಗೋ, ತಾಯಿ ಇದ್ದಾಳೋ ಇಲ್ಲವೋ, ಯಾರಿಗೂ ತಿಳಿಯದು.

ತಿಪ್ಪವ್ವನ ಗಂಡ ಮೈಲಾರಲಿಂಗಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಮಕ್ಕಳಿಲ್ಲ. ಇದ್ದ ತುಂಡು ಹೊಲವನ್ನು ಮೈದುನನಿಗೆ ಪಾಲಿಗೆ ಹಾಕಿ ಬೆಟಗೇರಿಗೆ ಬಂದು, ಅಲ್ಮಾಸಬಿ ಎಂಬ ಹಳೆಯ ಗೆಳತಿಯ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದಳು. ಮಲ್ಲಸಮುದ್ರದ ದಾರಿಯಲ್ಲಿ ಅರಿವೆ ವ್ಯಾಪಾರದ ಮನೆತನದ ವೀರೇಶ ಒಂದು ಹೊಲಿಗೆಯ ಕಾರ್ಖಾನೆ ನಡೆಸುತ್ತಿದ್ದ. ಸಾಲಿ ಮಕ್ಕಳ ಅಂಗಿ, ದವಾಖಾನೆಯ ಗೌನು ಅಲ್ಲಿ ತಯಾರಾಗುತ್ತಿದ್ದವು. ತಿಪ್ಪವ್ವ ಅಲ್ಲಿ ಕಾಜಾ ಹಾಕುವುದು, ಗುಂಡಿ ಹಚ್ಚುವುದು ಮಾಡಿಕೊಂಡಿದ್ದಳು. ಪ್ರತಿಯೊಬ್ಬರೂ ತಮ್ಮ ತಮ್ಮ ಯಂತ್ರಕ್ಕೆ ಮುಖ ಹಚ್ಚಿ ಕೂರುವ ಜಾಗ. ಗಡಗಡ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಮುಟ್ಟದು. ಸಂಜೆ ಕೋಣೆಗೆ ಬಂದರೆ ಅಲ್ಲಿ ಆ ಸದ್ದೂ ಇಲ್ಲ. ಒಲೆ ಹೊತ್ತಿಸುವಾಗ ಊದಿದ ಉಸಿರು ತನಗೇ ದೊಡ್ಡದಾಗಿ ಕೇಳಿಸಿ, ಇನ್ನಾರೋ ಒಳಗಿದ್ದಾರೆ ಎಂದು ಅವಳು ತಿರುಗಿ ನೋಡಿದ್ದೂ ಉಂಟು.

ಹೀಗಿರುವಾಗ ಬೆಂಗಳೂರಿನ ಒಂದು ಕಂಪನಿಯಿಂದ ವೀರೇಶನಿಗೆ ಈ ಒಳಂಗಿಯ ಕೆಲಸ ಬಂತು. ಮೊದಲಿಗೆ ಪರೀಕ್ಷೆಗೆಂದು ಮೂರೇ ಮೂರು. ಒಪ್ಪಿಗೆಯಾದರೆ ಮುಂದೆ ಮತ್ತಷ್ಟು. ಕೆಲಸ ಹೇಳಿಕೊಡಲು ವಿದ್ಯಾಶ್ರೀ ಎಂಬ ಇಂಜಿನಿಯರ್ ಹುಡುಗಿ ಬಂದಿಳಿದಳು. ಲಕ್ಷ್ಮೇಶ್ವರದವಳೇ ಆದ್ದರಿಂದ ಮಾತಿಗೆ ಅಡ್ಡಿಯಾಗಲಿಲ್ಲ. ಕಾರ್ಖಾನೆಯ ಹಿಂದಿನ ಕೋಣೆಗೆ ಗಾಜಿನ ಗೋಡೆ ಹಾಕಿಸಿದಳು, ಗಾಳಿ ಸೋಸುವ ಯಂತ್ರ ಇಡಿಸಿದಳು. ಒಳಗೆ ಹೋಗುವವರು ಬಿಳಿ ನಿಲುವಂಗಿ, ತಲೆಗೆ ಟೋಪಿ, ಕೈಗೆ ಗವಸು ತೊಡಬೇಕು, ಬಳೆ ಉಂಗುರ ಬಿಚ್ಚಿಡಬೇಕು. ಅಲ್ಲಿಗೆ ಆರಿಸಿದ ನಾಲ್ವರಲ್ಲಿ ತಿಪ್ಪವ್ವ ಒಬ್ಬಳು. ಮಲ್ಲಸಮುದ್ರದ ಮಂಜುಳಾ ಇನ್ನೊಬ್ಬಳು. ಸುಮ್ಮನಿರಲಾರದ ಹೆಂಗಸು.

"ಮ್ಯಾಲ ಹೋಗಾವ್ರ ಅಂಗಿ ಹೊಲ್ಯಾಕತ್ತೇನಿ ಅಂದ್ರ ನಮ್ಮತ್ತಿ ನಂಬವಲ್ಲಳು ನೋಡ ಚಿಗವ್ವ," ಎಂದು ಮಂಜುಳಾ ಮೊದಲ ದಿನವೇ ಶುರುಮಾಡಿದಳು. "ಮ್ಯಾಲ ಹೋಗಾವ್ರಿಗೆ ಅಂಗಿ ಯಾಕಬೇ, ಬಿಳಿ ಅರಿವಿ ಹೊಚ್ಚಿ ಕಳಸ್ತಾರಲ್ಲ ಅಂದ್ಲು."

"ನಿಮ್ಮತ್ತಿಗೆ ಬ್ಯಾರೆ ದಾರಿ ಗೊತ್ತಿಲ್ಲ, ಬಿಡು," ಎಂದಳು ತಿಪ್ಪವ್ವ. ಟೋಪಿಯೊಳಗಿನ ನಾಲ್ಕೂ ತಲೆಗಳು ನಕ್ಕವು.

ಒಂದೇ ಅರಿವೆಯ ಸುತ್ತ ನಾಲ್ವರು. ಒಬ್ಬಳು ನಳಿಗೆ ಹಿಡಿದರೆ ಒಬ್ಬಳು ಬಲೆ ಎತ್ತಬೇಕು, ಮತ್ತೊಬ್ಬಳು ಎಳೆಯಬೇಕು. ಪಕ್ಕದಲ್ಲಿ ಇನ್ನೊಬ್ಬರ ಮೊಣಕೈ ತಾಗುತ್ತಿರುತ್ತದೆ. ಊರಿನ ಕಟ್ಟೆಯ ಮೇಲೆ ಕೌದಿ ಹಾಸಿ ನಾಲ್ಕು ಮೂಲೆಗೆ ನಾಲ್ಕು ಮಂದಿ ಕೂಡುತ್ತಿದ್ದುದು ತಿಪ್ಪವ್ವನಿಗೆ ಮತ್ತೆ ಸಿಕ್ಕಂತಾಯಿತು. ಹೀಗೆ ಮಂದಿಯ ಬಿಸುಪಿನಲ್ಲಿ ಕೈ ಆಡಿಸಿ ಎಷ್ಟು ಕಾಲವಾಗಿತ್ತೋ. ಮುಂಜಾನೆ ಎದ್ದ ಕೂಡಲೇ ಕಾಲುಗಳು ತಾವಾಗಿಯೇ ಮಲ್ಲಸಮುದ್ರದ ದಾರಿ ಹಿಡಿಯುತ್ತಿದ್ದವು.

ಒಂದು ದಿನ ವಿದ್ಯಾಶ್ರೀ ಮೇಲೆ ಹೋಗುವವನ ಇಡೀ ಪೋಷಾಕಿನ ಚಿತ್ರ ತೋರಿಸಿ ಬಿಡಿಸಿ ಹೇಳಿದಳು. "ನೀವು ಹೊಲ್ಯಾಕತ್ತಿದ್ದು ಮೈಗೆ ಹತ್ತೋ ಪದರ್ರಿ. ನಳಿಗ್ಯಾಗ ತಣ್ಣೀರು ಹರದು ಮೈ ಕಾವು ತಗೀತೈತಿ. ಇದರ ಮ್ಯಾಲೆ ಗಾಳಿ ತುಂಬೋ ಪದರ, ಅದು ಉಬ್ಬಿ ಒಡೀಬಾರದಂತ ಬಿಗಿಯೋ ಪದರ, ಆಮ್ಯಾಲೆ ಬಿಸಲು ಥಂಡಿ ತಡಿಯಾಕ ಒಂದರ ಮ್ಯಾಲೊಂದು ತೆಳ್ಳನ್ನ ಹಾಳಿ. ಕಡೀಕ ದಪ್ಪನ್ನ ಹೊರಗಿನ ಅರಿವಿ."

"ಹಂಗಾರ ಇದು ಕೌದಿನ ಅಲ್ಲೇನವ್ವಾ?" ಎಂದಳು ತಿಪ್ಪವ್ವ.

ವಿದ್ಯಾಶ್ರೀ ನಕ್ಕಳು. "ಕೌದಿನ ಅನ್ರಿ. ಒಳಗ ಮನಷ್ಯಾನ್ನ ಇಟ್ಟು ಹೊಲದ ಕೌದಿ."

"ಒಳಗಿದ್ದಾಂವಗ ಏನ ಕೇಳಸ್ತೈತಿ?"

"ಕಿವ್ಯಾಗ ರೇಡಿಯೋ ಇರತೈತ್ರಿ. ಅದು ಸುಮ್ನಾತಂದ್ರ ಅವನ ಉಸಿರು ಅವಗ ಕೇಳಸ್ತೈತಿ. ಬ್ಯಾರೆ ಏನೂ ಇಲ್ಲ."

ಮಂಜುಳಾ ಏನೋ ಚೇಷ್ಟೆಯ ಮಾತು ಆಡಿದಳು. ತಿಪ್ಪವ್ವ ನಗಲಿಲ್ಲ. ತನ್ನ ಉಸಿರು ತನಗೇ ಕೇಳಿಸುವುದೆಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂದಿನಿಂದ ಆ ಮುಖವಿಲ್ಲದ ಮನುಷ್ಯ ಅವಳ ಜೊತೆಗೇ ಓಡಾಡತೊಡಗಿದ. ಬೆನ್ನಿನ ನಳಿಗೆ ಪೋಣಿಸುವಾಗ ಅವನ ಬೆನ್ನು, ತೋಳಿನದು ಪೋಣಿಸುವಾಗ ಅವನ ತೋಳು. ಅಪ್ಪಾ, ಅಷ್ಟು ದೂರ ಒಬ್ಬನೇ ಹೆಂಗ ಇರತೀ, ಎಂದು ಮನಸ್ಸಿನಲ್ಲೇ ಕೇಳುವಳು.

ಕೌದಿಗೆ ಒಂದು ರಿವಾಜಿದೆ. ನಾಲ್ಕು ಅಂಚು ಮುಗಿದು ಕಡೆಯ ಮೂಲೆ ಮುಚ್ಚುವ ಮುನ್ನ ಅದರ ಬಾಯಿಗೆ ಒಂದು ತುತ್ತು ಇಡಬೇಕು. ಉಳ್ಳವರು ಹೋಳಿಗೆಯ ಚೂರು ಇಡುತ್ತಾರೆ, ಇಲ್ಲದವರು ಜೋಳದ ಕಾಳು. ಅದು ಕೌದಿಯ ಉಡಿ ತುಂಬುವುದು. ತಿಪ್ಪವ್ವನ ಅತ್ತೆ ಹೇಳುತ್ತಿದ್ದಳು: ಒಮ್ಮೆ ಒಬ್ಬ ಅವಸರಗೇಡಿ ಹೆಣ್ಣು ಉಡಿ ತುಂಬದೆ ಕೌದಿ ಮುಚ್ಚಿ ಗಂಡನಿಗೆ ಹೊದಿಸಿದಳಂತೆ. ಕೌದಿಗೆ ಹಸಿವು. ಕತ್ತಲಾದ ಮೇಲೆ ಎದ್ದು ತಿನ್ನಲು ಹುಡುಕಿತಂತೆ, ಏನೂ ಸಿಗಲಿಲ್ಲ. ಕಡೆಗೆ ಗಂಡನ ನಿದ್ದೆಯನ್ನೇ ತಿಂದುಬಿಟ್ಟಿತಂತೆ. ಆ ಮನುಷ್ಯ ಕಣ್ಣು ತೆರೆದುಕೊಂಡೇ ಮುದುಕನಾದನಂತೆ. ಹಸಿದ ಅರಿವೆ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ಅತ್ತೆ ಹೇಳಿ, ಕಾಳು ಒತ್ತಿ, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ತಿಪ್ಪವ್ವ ತನ್ನ ಜನ್ಮದಲ್ಲಿ ಒಂದೂ ಕೌದಿಯನ್ನು ಹಸಿವಿಟ್ಟವಳಲ್ಲ.

ಮೊದಲ ಎರಡು ಒಳಂಗಿಗಳನ್ನು ಬೇರೆಯವರು ಮುಚ್ಚಿದ್ದರು. ಮೂರನೆಯದರ ಕಡೆಯ ಹೊಲಿಗೆ ತಿಪ್ಪವ್ವನ ಪಾಲಿಗೆ ಬಂತು. ಕುತ್ತಿಗೆಯ ಹಿಂದೆ ನಳಿಗೆಗಳೆಲ್ಲ ಬಂದು ಕೂಡುವ ಕಡೆ ಇಮ್ಮಡಿ ಮಡಿಕೆಯೊಂದಿತ್ತು. ಅದನ್ನು ಮುಚ್ಚಿದರೆ ಅಂಗಿ ಮುಗಿದಂತೆ. ಅಂದು ಬೆಳಿಗ್ಗೆ ಅವಳು ಬೀರಲಿಂಗನ ಗುಡಿಗೆ ಹೋಗಿ, ಪೂಜಾರಿ ಕೊಟ್ಟ ಅರಿಸಿನದ ಭಂಡಾರದಲ್ಲಿ ಹೊರಳಿಸಿದ ಜೋಳದ ಕಾಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ಬಿಳಿ ನಿಲುವಂಗಿಯ ಅಡಿ ಸೆರಗು ಯಾರಿಗೆ ಕಾಣುತ್ತದೆ? ಉಳಿದವರು ಕತ್ತರಿ ದಾರ ಎತ್ತಿಡುವಾಗ ಅವಳು ಮೆಲ್ಲಗೆ ಗಂಟು ಬಿಚ್ಚಿ, ಒಂದು ಕಾಳನ್ನು ಮಡಿಕೆಯ ಬಾಯಿಗೆ ಒತ್ತಿದಳು. ಬೀರಪ್ಪಾ, ಇವನ ಜೊತಿಗಿರು ಎಂದಳು. ಒತ್ತೊತ್ತಾಗಿ ಹೊಲಿದು ಮುಚ್ಚಿದಳು.

ಮುರಿದ ಸೂಜಿ ಒಳಗೆ ಉಳಿದಿದೆಯೋ ಎಂದು ನೋಡುವ ಯಂತ್ರದ ಕೆಳಗೆ ಅಂಗಿಯನ್ನು ಹಾಯಿಸಿದರು. ಯಂತ್ರ ಕೂಗಲಿಲ್ಲ. ಅದಕ್ಕೆ ಕಬ್ಬಿಣದ ಗುರುತು ಮಾತ್ರ ಗೊತ್ತು.

ಅಂದು ಸಂಜೆ ತಿಪ್ಪವ್ವನ ಮುಖ ನೋಡಿ ಅಲ್ಮಾಸಬಿ, "ಏನಬೇ, ಹಬ್ಬ ಆದಾಂಗ ಐತಿ ಮಾರಿ," ಎಂದಳು. ಅವಳೂ ಕೌದಿ ಹೊಲಿದೇ ಬದುಕಿದವಳು. ತಿಪ್ಪವ್ವ ಗುಟ್ಟು ಹೇಳಿದಳು.

ಅಲ್ಮಾಸಬಿ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ ಗಲ್ಲಕ್ಕೆ ಕೈ ಹಚ್ಚಿದಳು. "ಯಾ ಅಲ್ಲಾ. ಅಷ್ಟು ದೂರ ಹೊಂಟಾಂವಗ ಒಂದ ಕಾಳೇನ? ಒಂದೀಟು ಗುರೆಳ್ಳ ಚಟ್ನಿನಾದ್ರೂ ಕಟ್ಟಬಾರದ?"

"ನಿನಗ ಎಲ್ಲಾ ಚಾಷ್ಟಿ."

"ಚಾಷ್ಟಿ ಅಲ್ಲ, ಖರೇನ. ಕಾಳ ಇಟ್ಟು ಅದರ ಬಾಯಿ ಮುಚ್ಚಿದ್ದು ಛಲೋ ಮಾಡಿದಿ. ಹಸದ ಅರಿವಿ ಯಾರಿಗೂ ಬ್ಯಾಡ."

ಆ ರಾತ್ರಿ ತಿಪ್ಪವ್ವನಿಗೆ ಚೆನ್ನಾಗಿ ನಿದ್ದೆ ಬಂತು.

ಮರುದಿನ ಮಧ್ಯಾಹ್ನ ಕಾರ್ಖಾನೆಯ ಪಡಸಾಲೆಯಲ್ಲಿ ಎಲ್ಲರೂ ಬುತ್ತಿ ಬಿಚ್ಚಿ ಕುಳಿತಿದ್ದರು. ಮೂರೂ ಅಂಗಿಗಳು ಚೀಲದಲ್ಲಿ ಕೂತು, ಮಾರನೆಯ ಮುಂಜಾನೆ ಬರುವ ಗಾಡಿಗೆ ಸಿದ್ಧವಾಗಿದ್ದವು. ವಿದ್ಯಾಶ್ರೀಯೂ ಅವರ ಜೊತೆಗೇ ರೊಟ್ಟಿ ಮುರಿಯುತ್ತಿದ್ದಳು. ಅವಳು ಬಾಗಿದಾಗ ಕುತ್ತಿಗೆಯ ಬುಡದಲ್ಲಿ ಕಪ್ಪನೆಯ ಕಲೆಯೊಂದು ಕಂಡಿತು.

"ಅದೇನ ಅಕ್ಕಾರ, ಸಣ್ಣಾಕಿದ್ದಾಗ ಮಾಸ್ತರು ಬಾರಸಿದ್ರೇನ?" ಎಂದಳು ಮಂಜುಳಾ.

ವಿದ್ಯಾಶ್ರೀ ಅಲ್ಲಿ ಕೈ ಹಚ್ಚಿಕೊಂಡು ನಕ್ಕಳು. "ಇದಾ? ಇದು ಇಂಥಾದ್ದ ಅಂಗಿ ಕೊಟ್ಟ ಬಹುಮಾನ. ಹೋದ ವರ್ಷ ಪರೀಕ್ಷೆ ಮಾಡಾಕ ನಾನ ತೊಟ್ಟಿದ್ನಿ. ಒಳಗಿನ ಅಂಗಿ ಇಲ್ಲೊಂದು ಮಡಿಕಿ ಬಿದ್ದಿತ್ತು. ಬರೇ ಮಡಿಕಿ. ಮ್ಯಾಲಿನ ಪದರಕ್ಕ ಗಾಳಿ ತುಂಬಿದ್ರು ನೋಡ್ರಿ, ಆ ಮಡಿಕಿ ಕಲ್ಲಿನಂಗಾತು. ನಾಕೈದು ತಾಸು ಅದರ ಮ್ಯಾಲೆ ಹೆಗಲಿನ ಭಾರ. ಬಿಚ್ಚಿದಾಗ ತೊಗಲು ಕಿತ್ತ ಬಂದಿತ್ತು."

"ಕೈ ಹಾಕಿ ಸರಿ ಮಾಡಕೊಳ್ಳೂದಿಲ್ಲೇನ್ರಿ?"

"ಎಲ್ಲಿಂದ ಹಾಕತೀರಿ? ಅದಕ್ಕ ಬಾಯಿನ ಇಲ್ಲ. ಮೂಗಿನ ತುದಿ ತುರಿಸಿದ್ರೂ ತುರಿಸಿಕೊಳ್ಳಾಕ ಬರಾಂಗಿಲ್ಲ."

ಮಂಜುಳಾ ಕೂಡಲೇ ಮೂಗು ತುರಿಸಿಕೊಂಡಳು. ಎಲ್ಲರೂ ನಕ್ಕರು. ತಿಪ್ಪವ್ವ ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಗೆ ಇಳಿಸಿದಳು. ನೀರು ಕುಡಿದು ಕೇಳಿದಳು: "ಒಳಗ ಏನರ ಉಳದಿದ್ರ ತಂಗಿ? ಸಣ್ಣದು. ಕಾಳಿನಷ್ಟು?"

"ಕಾಳಿನಷ್ಟಂದ್ರ ದೊಡ್ಡದಾತ್ರಿ ಅದು. ಮೈಗೆ ಒತ್ತೂದು ಹಂಗಿರಲಿ, ನಳಿಗಿ ಮ್ಯಾಲೆ ಕುಂತ್ರ ನೀರ ನಿಲ್ಲತೈತಿ. ನೀರ ನಿಂತ್ರ ಮೈ ಕಾಯತೈತಿ, ತಲಿ ತಿರಗತೈತಿ. ಇಲ್ಲೆ ಆದ್ರ ನಾವು ಓಡಿ ಹೋಗಿ ಬಿಚ್ಚತೇವಿ. ಅಲ್ಲಿ ಅಂವ ಹೊರಗ ತೇಲಾಕತ್ತಿರತಾನ. ಯಾರು ಬಿಚ್ಚಬೇಕು?"

ವಿದ್ಯಾಶ್ರೀ ಇದನ್ನು ಹೆದರಿಸಲು ಹೇಳಿದ್ದಲ್ಲ. ಹೆಸರುಕಾಳಿನ ಪಲ್ಯ ಹಚ್ಚಿಕೊಂಡು ಇನ್ನೊಂದು ರೊಟ್ಟಿ ಮುರಿದಳು.

ಸಂಜೆ ತಿಪ್ಪವ್ವ ಬೀರಲಿಂಗನ ಗುಡಿಯ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಒಳಗಿನ ದೀಪ ನೋಡಿದಳು. ದೇವರ ಮೇಲೆ ಅವಳಿಗೆ ಸಂಶಯ ಬರಲಿಲ್ಲ. ಅತ್ತೆಯ ಮಾತಿನ ಮೇಲೂ ಬರಲಿಲ್ಲ. ಕೌದಿಯೊಳಗಿನ ಮನುಷ್ಯ ಹೊರಳುತ್ತಾನೆ, ಕಾಲು ಚಾಚುತ್ತಾನೆ, ಸೆಕೆಯಾದರೆ ಒದ್ದು ಏಳುತ್ತಾನೆ. ಇದು ಒದ್ದು ಏಳಲಾರದ ಕೌದಿ. ಅಷ್ಟು ತನಗೆ ಹೊಳೆಯಲಿಲ್ಲವಲ್ಲ. ಜೊತೆಗಿರಲಿ ಎಂದು ಕಳಿಸಿದ ಕಾಳು ಆ ಮನುಷ್ಯನ ಬೆನ್ನಹುರಿಗೆ ಕಲ್ಲಾಗಿ ಕೂತು, ಅವನು ಅದನ್ನು ಮುಟ್ಟಲೂ ಆಗದೆ ಹೇಳಲೂ ಆಗದೆ ಉಸಿರು ಎಳೆಯುತ್ತಿರುವುದು ಅವಳಿಗೆ ಕಾಣಿಸಿತು.

ಮನೆಗೆ ಬಂದು ಅಲ್ಮಾಸಬಿಗೆ ಹೇಳಿದಾಗ ಅವಳು ಈ ಸಲ ಚೇಷ್ಟೆ ಮಾಡಲಿಲ್ಲ.

"ಹೇಳಿದ್ರ ನಿನ್ನ ಆ ಖೋಲಿಯಿಂದ ತಗದ ಹಾಕತಾರ, ತಿಪ್ಪಿ."

"ಹಾಕತಾರ."

"ಮತ್ತ ಆ ಗುಂಡಿ ಹಚ್ಚೋ ಕೆಲಸಕ್ಕ ಕೂಡಸ್ತಾರ. ಸಂಜಿಗೆ ಬಂದು ನನ್ನ ಮಾರಿ ನೋಡಕೋತ ಕುಂಡ್ರಬೇಕಾಕ್ಕತಿ."

"ನಿನ್ನ ಮಾರಿ ಏನ ಮಾಡೇತಿ?"

"ಹಳೇದಾಗೇತಿ," ಎಂದಳು ಅಲ್ಮಾಸಬಿ. ಆಮೇಲೆ ಮೆಲ್ಲಗೆ, "ಹೇಳದ ಬಿಟ್ರ ನೀ ಮಲಗತಿಯೇನ?" ಎಂದು ಕೇಳಿದಳು.

ಆದರೂ ಮನುಷ್ಯನ ಮನಸ್ಸು ಸಂದು ಹುಡುಕದೆ ಬಿಡುತ್ತದೆಯೇ. ಹೇಳದೆಯೂ ಕಾಳು ತೆಗೆಯಬಹುದಲ್ಲ ಎಂದು ಬೆಳಗಿನ ಹೊತ್ತಿಗೆ ಅವಳಿಗೆ ಅನಿಸಿತು. ನಾಲ್ಕು ಹೊಲಿಗೆ ಬಿಚ್ಚುವುದು, ಕಾಳು ಹೊರಗೆಳೆಯುವುದು, ಮತ್ತೆ ಹಾಕುವುದು. ಯಾರಿಗೂ ತಿಳಿಯದು, ತನ್ನ ಜಾಗವೂ ಹೋಗದು. ಎಲ್ಲರಿಗಿಂತ ಮೊದಲು ಹೋಗಿ, ಕಸ ಹೊಡೆಯುವ ನೆವದಲ್ಲಿ ಕೀಲಿ ಇಸಿದುಕೊಂಡು, ಟೋಪಿ ಗವಸು ತೊಟ್ಟು ಗಾಜಿನ ಕೋಣೆ ಹೊಕ್ಕಳು. ತನ್ನ ಹೊಲಿಗೆ ತನಗೆ ಗೊತ್ತು. ಮೂರನೆಯ ಚೀಲ ತೆಗೆದು ಅಂಗಿಯನ್ನು ಮೇಜಿನ ಮೇಲೆ ಮಲಗಿಸಿದಳು. ಕುತ್ತಿಗೆಯ ಮಡಿಕೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಕಾಳಿಲ್ಲ. ಇನ್ನೊಮ್ಮೆ ಒತ್ತಿದಳು. ಗವಸು ಬಿಚ್ಚಿ ಬರಿಗೈಯಲ್ಲಿ ಒತ್ತಿದಳು. ಇಲ್ಲ. ಎತ್ತಿ ಇಳಿಸುವಾಗ ಅದು ಮಡಿಕೆಯಿಂದ ಜಾರಿ, ಬಲೆಗೂ ಅಸ್ತರಿಗೂ ನಡುವೆ ನಳಿಗೆಗಳು ಇಳಿಯುವ ದಾರಿ ಹಿಡಿದು ಎತ್ತಲೋ ಹೋಗಿತ್ತು. ಬೆನ್ನಿಗೋ, ಪಕ್ಕೆಗೋ, ತೊಡೆಗೋ. ನಳಿಗೆಯೂ ಉರುಟು, ಕಾಳೂ ಉರುಟು. ಬೆರಳಿಗೆ ಒಂದೇ ತರ. ಆ ಬೆಳ್ಳನೆಯ ಮೈಯನ್ನು ಹುಡುಕುತ್ತ ಅವಳು ಸೋತು ಹೋದಳು.

ಹಿಂದೆ ಬಾಗಿಲು ತೆರೆದ ಸದ್ದಾಯಿತು. "ಏನ ಹುಡಕಾಕತ್ತಿ ಚಿಗವ್ವ? ಬರಿಗೈಲೆ ಮುಟ್ಟೀದಿ. ವಿದ್ಯಕ್ಕ ನೋಡಿದ್ರ ಬೈತಾಳ," ಎಂದಳು ಮಂಜುಳಾ.

ತಿಪ್ಪವ್ವ ಕೈ ಹಿಂತೆಗೆಯಲಿಲ್ಲ. "ಅಕಿನ ಕರಿ," ಎಂದಳು. "ಸಾವಕಾರನ್ನೂ ಕರಿ."

ವೀರೇಶ ಗಾಡಿಯ ಖಬರು ಕೇಳುತ್ತ ಫೋನು ಕಿವಿಗಿಟ್ಟುಕೊಂಡೇ ಬಂದ. ತಿಪ್ಪವ್ವ ಹೇಳಿದ್ದು ಮೊದಲು ಅವನ ತಲೆಗೆ ಹೋಗಲಿಲ್ಲ. ಹೋದ ಮೇಲೆ ಫೋನು ಇಳಿಸಿದ.

"ಜ್ವಾಳಾ? ಏನಬೇ, ಅಲ್ಲಿ ಬಿತ್ತಿಗಿ ಮಾಡಸಾಕಿ ಇದ್ದಿಯೇನ?"

ಅವಳು ತಲೆ ಬಗ್ಗಿಸಿದಳು.

"ನಾನು ಆ ಬೆಂಗಳೂರಾವ್ರಿಗೆ ನಮ್ಮ ಹೆಣಮಕ್ಕಳ ಕೈಯಂಥಾ ಕೈ ಎಲ್ಲೂ ಇಲ್ಲಂತ ಎದಿ ತಟಗೊಂಡು ಹೇಳೇನಿ. ಈಗ ಏನ ಹೇಳಲಿ? ಕೈ ಛಲೋ ಐತ್ರಿ, ಉಡಿಯಾಗ ಜ್ವಾಳ ಐತ್ರಿ ಅಂತ ಹೇಳಲೇನ?"

ಬಾಗಿಲಲ್ಲಿ ನಿಂತಿದ್ದ ಯಾರೋ ನಗೆ ತಡೆದುಕೊಂಡರು. ವಿದ್ಯಾಶ್ರೀ ನಗಲೂ ಇಲ್ಲ, ಬೈಯಲೂ ಇಲ್ಲ. ದೀಪದ ಮೇಜಿನ ಮೇಲೆ ಅಂಗಿ ಹಾಸಿ, ಸಣ್ಣ ಇಕ್ಕಳದಿಂದ ಬಟ್ಟೆಯನ್ನು ಬೆರಳಗಲ ಬೆರಳಗಲವಾಗಿ ಎತ್ತಿ ನೋಡುತ್ತ ಇಳಿದಳು. ಸೊಂಟದ ಹತ್ತಿರ, ಎರಡು ನಳಿಗೆ ಒಂದರ ಮೇಲೊಂದು ಹಾಯುವ ಕಡೆ ಅವಳ ಕೈ ನಿಂತಿತು. ಕತ್ತರಿಸಿದಳು. ಕಾಳು ಹೊರಬಿತ್ತು. ಅದರ ಹಳದಿ ಬಲೆಗೆ ಹತ್ತಿ, ಅಲ್ಲಿ ಚುಕ್ಕೆಯಷ್ಟು ಕಲೆಯಾಗಿತ್ತು. ಆ ಕಾಳನ್ನು ಅವಳು ಸಣ್ಣ ಪಾರದರ್ಶಕ ಚೀಲದಲ್ಲಿ ಹಾಕಿ ಬಾಯಿ ಒತ್ತಿದಳು.

"ಉಳದ ಎರಡರಾಗ ಹಾಕೀರೇನ್ರಿ?"

"ಇಲ್ಲವ್ವಾ. ಬೀರಪ್ಪನ ಆಣಿ."

"ನಿಮ್ಮ ಆಣಿ ನಾ ನಂಬತೇನಿ. ಮ್ಯಾಲಿನವ್ರು ನಂಬಾಂಗಿಲ್ಲ. ಅವನ್ನೂ ಎಕ್ಸರೇದಾಗ ಹಾಯಿಸಬೇಕಾಕ್ಕತಿ." ಆಮೇಲೆ ಗವಸು ಕಳಚುತ್ತ, ಧ್ವನಿ ತಗ್ಗಿಸಿ ಕೇಳಿದಳು, "ಯಾಕ್ರಿ? ಅವಗ ಕುಡಿಯಾಕ ನೀರು ಒಳಗ ಇರತೈತಿ. ಹೋಗೂಮುಂದ ಊಟಾ ಮಾಡಿಸಿ ಕಳಸ್ತಾರ. ಎಲ್ಲಾನೂ ಲಕ್ಷ್ಯ ಕೊಟ್ಟು ಮಾಡಿರತಾರ."

"ಊಟಕ್ಕ ಅಲ್ಲವ್ವ," ಎಂದಳು ತಿಪ್ಪವ್ವ. "ಜೊತಿಗೆ."

ವಿದ್ಯಾಶ್ರೀ ಆ ಚೀಲವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು. ಅಷ್ಟರಲ್ಲಿ ಫೋನು ಬಂತು, ಅವಳು ಹೊರಗೆ ಹೋದಳು.

ಬೆಂಗಳೂರಿನವರು ಕೆಲಸ ಹಿಂತೆಗೆಯಲಿಲ್ಲ. ತಿಪ್ಪವ್ವ ತಾನಾಗಿಯೇ ಹೇಳಿದ್ದರಿಂದ ಇನ್ನೊಂದು ವಾರದ ಗಡುವು ಕೊಟ್ಟರು. ಕತ್ತರಿಸಿದ ಅಂಗಿ ಕೆಟ್ಟಂತೆಯೇ ಲೆಕ್ಕ. ಮೂರನೆಯದನ್ನು ಹೊಸದಾಗಿ ಹೊಲಿಯಬೇಕು. ತಿಪ್ಪವ್ವ ಮಾತ್ರ ಗಾಜಿನ ಕೋಣೆಗೆ ಕಾಲಿಡುವ ಹಾಗಿಲ್ಲ. ಇದನ್ನು ವೀರೇಶನೇ ಬಂದು ಹೇಳಿದ. ಕೂಗಾಡಿ ಮುಗಿದು ಅವನ ಧ್ವನಿ ಮೆತ್ತಗಾಗಿತ್ತು. "ನನ್ನ ಕೈಯಾಗ ಇಲ್ಲ ತಿಪ್ಪವ್ವ. ಅವರ ಕಾಯಿದೆ. ನಿನ್ನ ಹಳೇ ಕುರ್ಚಿ ಅಲ್ಲೇ ಐತಿ, ಕುಂಡ್ರು."

ಅವಳು ಹೋಗಿ ಕೂತಳು. ಮುಂದಿನ ಸಾಲಿ ವರ್ಷದ ಅಂಗಿಗಳ ರಾಶಿ ಕಾದಿತ್ತು. ತಲೆ ಎತ್ತಿದರೆ ಯಂತ್ರಗಳ ಸಾಲು ದಾಟಿ ಗಾಜಿನ ಗೋಡೆ ಕಾಣುತ್ತಿತ್ತು. ಅದರ ಹಿಂದೆ ಬಿಳಿ ಟೋಪಿಗಳು ಬಾಗುತ್ತಿದ್ದವು, ಏಳುತ್ತಿದ್ದವು. ಅವಳ ಜಾಗದಲ್ಲಿ ಕೆಲವು ದಿನ ಯಾರೂ ಇರಲಿಲ್ಲ, ಮೂವರೇ ಎಳೆದಾಡಿಕೊಂಡರು. ಆಮೇಲೆ ಇನ್ನೊಬ್ಬಳು ಬಂದಳು. ಹೊಸಬಳ ಕೈ ಮೊದಲು ತಡವರಿಸಿತು, ಆಮೇಲೆ ಸರಾಗವಾಯಿತು. ತಾನಿಲ್ಲದೆ ಆ ಕೆಲಸ ನಿಲ್ಲಬಹುದು ಎಂದು ಅವಳು ಎಣಿಸಿರಲಿಲ್ಲ, ನಿಲ್ಲಲೂ ಇಲ್ಲ. ಗಡುವಿನೊಳಗೇ ಅಂಗಿ ಮುಗಿಯಿತು. ಒಳಗೆ ಅವರು ಏನೋ ಮಾತಿಗೆ ನಗುವುದು ಕಾಣುತ್ತಿತ್ತು. ಸದ್ದು ಮಾತ್ರ ಇತ್ತ ಬರುತ್ತಿರಲಿಲ್ಲ.

ಊಟದ ಹೊತ್ತಿಗೆ ಮಂಜುಳಾ ಬೇರೆ ಕಡೆ ಕೂಡತೊಡಗಿದಳು. ಒಮ್ಮೆ ನೀರಿನ ಕೊಡದ ಹತ್ತಿರ ಇಬ್ಬರೂ ಎದುರಾದರು.

"ಸಿಟ್ಟಿಲ್ಲ ಚಿಗವ್ವ," ಎಂದಳು ಮಂಜುಳಾ, ಲೋಟ ತೊಳೆಯುತ್ತ. "ಆದ್ರ ನಿನ್ನ ಪಾಲಿಂದೂ ನಾವ ಎಳದ್ವಿ. ಬೆನ್ನ ಬಿದ್ದ ಹೋಗೇತಿ."

"ಖರೆ ಐತವ್ವ."

"ಅಷ್ಟ," ಎಂದು ಮಂಜುಳಾ ಲೋಟ ಬೋರಲು ಹಾಕಿ ಹೋದಳು.

ಗಾಡಿ ಬಂದು ಮೂರೂ ಚೀಲ ಒಯ್ದ ದಿನ ವಿದ್ಯಾಶ್ರೀಯೂ ಹೊರಟು ನಿಂತಳು. ಹೋಗುವ ಮುನ್ನ ಆ ಕೆಟ್ಟ ಅಂಗಿಯನ್ನು ತಂದು ತಿಪ್ಪವ್ವನ ಮುಂದೆ ಇಟ್ಟಳು. ತಪ್ಪಿಯೂ ಯಾರೂ ಬಳಸಬಾರದೆಂದು ಅಂಥದ್ದನ್ನು ಚೂರು ಮಾಡಿಯೇ ಬಿಸಾಡಬೇಕಂತೆ. "ನೀವು ಕತ್ತರಸ್ರಿ. ಬ್ಯಾರೇವ್ರ ಕೈಲೆ ಮಾಡಸಾಕ ನನಗ ಮನಸಾಗಲಿಲ್ಲ," ಎಂದಳು.

ತಿಪ್ಪವ್ವ ಕತ್ತರಿ ತೆಗೆದುಕೊಂಡಳು. ಜನ್ಮವಿಡೀ ಹಳೆಯದನ್ನು ಕತ್ತರಿಸಿದವಳು ಅವಳು. ಕತ್ತರಿಸಿದ ಪ್ರತಿ ಚೂರಿಗೂ ಮುಂದೆ ಒಂದು ಜಾಗವಿರುತ್ತಿತ್ತು. ಈ ಹೊಸ ಅರಿವೆಯ ಚೂರಿಗೆ ಮುಂದೆ ಏನೂ ಇಲ್ಲ. ತೋಳು ಬೇರೆ ಮಾಡಿದಳು, ಕಾಲು ಬೇರೆ ಮಾಡಿದಳು. ನಳಿಗೆಗಳು ಕತ್ತರಿಯ ಬಾಯಿಗೆ ಸಿಕ್ಕು ಒಂದೊಂದಾಗಿ ತುಂಡಾದವು. ಬೆನ್ನಿನ ಭಾಗಕ್ಕೆ ಬಂದಾಗ ಕೈ ಸ್ವಲ್ಪ ನಿಂತಿತು. ಮತ್ತೆ ನಡೆಯಿತು. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು.

"ಅವನ ಹೆಸರ ಏನವ್ವ?" ಎಂದು ಕೇಳಿದಳು. "ಹೇಳಾಕ ಬರೂದಿಲ್ಲಂದ್ರ ಬ್ಯಾಡ. ಗುಡಿಗೆ ಹೋದಾಗ ಹೆಸರ ಹಿಡದು ಬೇಡಕೋಬೇಕಂತ."

"ಇನ್ನೂ ನಿಕ್ಕಿ ಆಗಿಲ್ರಿ. ಯಾರು ಹೋಗತಾರಂತ ಅವರಿಗೂ ಗೊತ್ತಿಲ್ಲ." ವಿದ್ಯಾಶ್ರೀ ಚೀಲ ಹೆಗಲಿಗೇರಿಸಿ, ಬಾಗಿ ಅವಳ ಕಾಲು ಮುಟ್ಟಿ, ಗಾಡಿ ಹತ್ತಿದಳು.

ಸಂಜೆ ಕೋಣೆಗೆ ಬಂದು ತಿಪ್ಪವ್ವ ಒಲೆ ಹೊತ್ತಿಸಿದಳು. ಹಿಟ್ಟು ಕಲಸಿ, ತನಗೆ ಬೇಕಾದಷ್ಟು ರೊಟ್ಟಿ ಬಡಿದಳು. ಕೈ ತೊಳೆಯಲು ಹೋದವಳು ಏಕೋ ತಿರುಗಿ ಬಂದು, ಹಿಡಿ ಹಿಟ್ಟು ತೆಗೆದು, ಇನ್ನೊಂದು ಬಡಿಯತೊಡಗಿದಳು. ಊರಿನ ಮನೆಗಳಲ್ಲಿ ಎಲ್ಲರ ಊಟವಾದ ಮೇಲೂ ಬುಟ್ಟಿಯಲ್ಲಿ ಒಂದು ರೊಟ್ಟಿ ಬಿಡುತ್ತಾರೆ. ಬಾರದ ಹೊತ್ತಿನಲ್ಲಿ ಯಾರಾದರೂ ಬಂದರೆ ಬರಿದಾದ ಬುಟ್ಟಿ ತೋರಿಸಬಾರದು. ಒಂಟಿಯಾದ ಮೇಲೆ ತಿಪ್ಪವ್ವ ಅದನ್ನು ಬಿಟ್ಟಿದ್ದಳು. ಬರುವವರು ಯಾರು?

ಬಡಿಯುವ ಸದ್ದು ಕೇಳಿ ಅಲ್ಮಾಸಬಿ ಬಾಗಿಲಿಗೆ ಬಂದಳು. "ಯಾರ ಬರಾವ್ರದಾರಬೇ?"

"ಯಾರೂ ಇಲ್ಲ."

"ಮತ್ತ ಅದ್ಯಾರಿಗೆ?"

"ಇರಲಿ. ಹಾದೀಲೆ ಹೋಗಾವ್ರಿಗೆ."

ಅಲ್ಮಾಸಬಿ ಒಲೆಯ ಬೆಳಕಿನಲ್ಲಿ ಅವಳ ಮುಖ ನೋಡಿದಳು. ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು. ತಿಪ್ಪವ್ವ ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟು ಅರಿವೆ ಮುಚ್ಚಿದಳು.

ಬೆಳಿಗ್ಗೆ ನೋಡಿದಾಗ ರೊಟ್ಟಿ ಒಣಗಿ ಕಟಕಾಗಿತ್ತು. ಅದನ್ನು ಮುರಿದು ಮಜ್ಜಿಗೆಯಲ್ಲಿ ನೆನೆಹಾಕಿ, ಮೆತ್ತಗಾಗುವವರೆಗೆ ಕಾದು, ತಾನೇ ಉಂಡು ಕೆಲಸಕ್ಕೆ ಹೋದಳು.